ಅಪ್‌ಡೇಟ್: ಡಿಸ್ಕ್ ಸದಾ 100% ತೋರಿಸುತ್ತಿದ್ದ ಡೆಸ್ಕ್‌ಟಾಪ್

ಫೋಲ್ಡರ್ ತೆರೆಯೋಕೂ ಅರ್ಧ ನಿಮಿಷ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸದಾ 100% ಅಂತ ಹೋದ ವಾರ ಕೇಳಿದ್ದೆನಲ್ಲ, ಕಳ್ಳ ಸಿಕ್ಕಿಬಿದ್ದ: ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಡೇಟಾ ಕೇಬಲ್!

ಸಿಸ್‌ಮೈನ್ (ಆ್ಯಪ್‌ಗಳನ್ನು ಮೊದಲೇ ಲೋಡ್ ಮಾಡಿಡುವ ವಿಂಡೋಸ್ ಸೇವೆ) ನಿಲ್ಲಿಸಿದ್ದು, ಸ್ಟಾರ್ಟ್‌ಅಪ್ ಆ್ಯಪ್ ಕಡಿಮೆ ಮಾಡಿದ್ದು ಉಪಯೋಗಕ್ಕೆ ಬರಲಿಲ್ಲ. ರ‍್ಯಾಮ್ ಅರ್ಧವೂ ತುಂಬಿರಲಿಲ್ಲ, ಹೊಸದು ಕೊಂಡಿದ್ದರೆ ದುಡ್ಡು ದಂಡ. ಕೈಹಿಡಿದದ್ದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕಿನ ಆರೋಗ್ಯ ತೋರಿಸುವ ಆ್ಯಪ್) ನೋಡಿ ಎಂಬ ಸಲಹೆ. ಅದರಲ್ಲಿ 05 (ಬದಲಿಸಿದ ಸೆಕ್ಟರ್), ಸಿ5 (ಅನುಮಾನದ ಸೆಕ್ಟರ್) ಸಾಲುಗಳೆರಡೂ ಸೊನ್ನೆ. ಅಂದರೆ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ (ಡೇಟಾ ಬರೆಯುವ ಪುಟ್ಟ ಜಾಗ) ಇಲ್ಲ. ಆದರೆ ಸಿ7 (ಸಿಆರ್‌ಸಿ ಎರರ್, ಅಂದರೆ ಸಾಗುವಾಗ ಡೇಟಾ ಕೆಟ್ಟ ಲೆಕ್ಕ) ದೊಡ್ಡ ಫೈಲ್ ಕಾಪಿ ಮಾಡಿದಾಗಲೆಲ್ಲ ಏರುತ್ತಿತ್ತು. ಕೇಬಲ್‌ನಲ್ಲೇ ಡೇಟಾ ಕೆಟ್ಟು, ಮತ್ತೆ ಮತ್ತೆ ಕಳಿಸಬೇಕಾಗಿ ಎಲ್ಲವೂ ನಿಧಾನ. ಕರೆಂಟ್ ಪ್ಲಗ್ ಕಿತ್ತು, ಲಾಕ್ ಕ್ಲಿಪ್ ಇರುವ ಹೊಸ ಕೇಬಲ್ ಹಾಕಿ, ಮದರ್‌ಬೋರ್ಡಿನ ಪೋರ್ಟನ್ನೂ ಬದಲಿಸಿದ ಮೇಲೆ ಸರಾಗ.

ಎರಡು ವಿಷಯ ಗೊತ್ತಿರಲಿಲ್ಲ. ಸಿ7ರ ಹಳೇ ಎಣಿಕೆ ಇಳಿಯೋದಿಲ್ಲ, ಏರದಿದ್ದರೆ ಸಾಕು. ಆ ಆ್ಯಪ್‌ನ ಅಂಕಿ ಹೆಕ್ಸ್‌ನಲ್ಲಿ (16ರ ಆಧಾರದ ಎಣಿಕೆ) ಇರುತ್ತೆ. 1ಎ ಅಂದರೆ 26.