ಪದವಿಚಾರ: ಒಂದೇ ಒಲೆಯಲ್ಲಿ ಉಣ್ಣುವವರನ್ನು ಏನೆಂದು ಕರೆಯೋಣ?

ಎಲ್ಲರಿಗೂ ನಮಸ್ಕಾರ.

ನಾನು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಪ್ರಬಂಧವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಣ್ಣತಮ್ಮಂದಿರು ಬೇರೆಯಾದ ಮೇಲೆ ವಯಸ್ಸಾದ ತಂದೆತಾಯಿಯನ್ನು ಯಾರು, ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ನನ್ನ ವಿಷಯ. ಕ್ಷೇತ್ರಕಾರ್ಯ ಹಾವೇರಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ. ಸಾರಲೇಖಕ್ಕೆ ಒಪ್ಪಿಗೆ ಸಿಕ್ಕಿದೆ, ಪ್ರಶ್ನಾವಳಿಯನ್ನು ಪರೀಕ್ಷಿಸಲು ಮೊದಲ ಸುತ್ತಿನಲ್ಲಿ ನಲವತ್ತು ಮನೆಗಳಿಗೆ ಹೋಗಿ ಬಂದಿದ್ದೇನೆ. ಅದನ್ನು ತಿದ್ದಿ ಮತ್ತೆ ಅಚ್ಚು ಮಾಡಿಸುವ ಮೊದಲು ಒಂದು ಪದ ಇತ್ಯರ್ಥವಾಗಲೇಬೇಕಾಗಿದೆ. ಇಂಗ್ಲಿಷಿನಲ್ಲಿ ‘ಫ್ಯಾಮಿಲಿ’ ಬೇರೆ, ‘ಹೌಸ್‌ಹೋಲ್ಡ್’ ಬೇರೆ. ನಾವು ಎರಡಕ್ಕೂ ‘ಕುಟುಂಬ’ ಎಂದೇ ಬರೆಯುತ್ತಿದ್ದೇವೆ. ರಕ್ತಸಂಬಂಧ ಇರಲಿ, ಬಿಡಲಿ, ಒಂದೇ ಅಡುಗೆ ಉಂಡು ಒಟ್ಟಿಗೆ ಇರುವವರಿಗೆ ಕನ್ನಡದಲ್ಲಿ ಏನು ಹೆಸರು?

ಒಂದು ಪದಕ್ಕೆ ಇಷ್ಟು ಹಟವೇಕೆ ಎಂದು ಕೇಳುವವರಿಗೆ ನಾನು ಹೋಗಿದ್ದ ಒಂದು ಮನೆಯ ಸ್ಥಿತಿ ಹೇಳುತ್ತೇನೆ. ಹಂಚಿನ ದೊಡ್ಡ ಮನೆ, ಪಡಸಾಲೆಯ ನಡುವೆ ಇತ್ತೀಚೆಗೆ ಎಬ್ಬಿಸಿದ ಗೋಡೆ. ಮೂವರು ಅಣ್ಣತಮ್ಮಂದಿರು. ಪಡಿತರ ಚೀಟಿ ಮೂರು. ವಿದ್ಯುತ್ ಮೀಟರ್ ಒಂದೇ. ಪಹಣಿಯೂ ಒಂದೇ, ಅದು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಒಲೆ ಮಾತ್ರ ಎರಡು: ಹೆಂಡತಿ ತೀರಿಕೊಂಡ ಮೇಲೆ ಕಿರಿಯ ತಮ್ಮ ತನ್ನ ಮಗಳೊಂದಿಗೆ ದೊಡ್ಡಣ್ಣನ ಮನೆಯಲ್ಲೇ ಉಣ್ಣುತ್ತಾನೆ. ತಂದೆಯದು ಕಾಯಂ ದೊಡ್ಡ ಮಗನ ಮನೆಯ ಊಟ. ತಾಯಿಗೆ ಮಾತ್ರ ಪಾಳಿ. ಒಂದು ತಿಂಗಳು ಗೋಡೆಯ ಈಚೆ, ಒಂದು ತಿಂಗಳು ಗೋಡೆಯ ಆಚೆ. “ಅವ್ವ ಈಗ ನಡುವಿನವನ ಪಾಳಿಯಲ್ಲಿ ಇದ್ದಾಳೆ” ಎಂದು ದೊಡ್ಡ ಮಗ ನನಗೆ ಹೇಳಿದರು. ಆ ತಾಯಿ ಐದು ಹೆಜ್ಜೆ ದೂರದಲ್ಲಿ, ಅದೇ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

ನನ್ನ ಪ್ರಶ್ನಾವಳಿಯ ಮೂರನೆಯ ಪ್ರಶ್ನೆ: “ನಿಮ್ಮ ಕುಟುಂಬದಲ್ಲಿ ಎಷ್ಟು ಜನ ಇದ್ದೀರಿ?” ದೊಡ್ಡ ಮಗ ಹದಿಮೂರು ಎಂದರು. ಒಳಗಿನಿಂದ ಅವರ ಹೆಂಡತಿ ಏಳು ಎಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಗಂಡ ರಕ್ತಸಂಬಂಧವನ್ನು ಎಣಿಸಿದ್ದರು, ಹೆಂಡತಿ ದಿನಾ ರೊಟ್ಟಿ ಬಡಿದು ಹಾಕುವ ತಟ್ಟೆಗಳನ್ನು ಎಣಿಸಿದ್ದರು. ನನ್ನ ಪದವೇ ಎರಡು ಅರ್ಥಕ್ಕೂ ಬಾಗಿಲು ತೆರೆದಿಟ್ಟಿತ್ತು. ಆ ಪದ ಬಳಸಿ ಕೇಳಿದ ಮನೆಗಳಲ್ಲಿ ಯಾರು ಹೇಗೆ ಎಣಿಸಿ ಹೇಳಿದರೋ ಈಗ ತಿಳಿಯುವ ದಾರಿಯಿಲ್ಲ. ಆ ಅಂಕಣವನ್ನು ಪೂರ್ತಿ ಹೊಡೆದುಹಾಕಬೇಕಾಯಿತು.

ಇಂಥ ಸಂಕಟ ನನಗೊಬ್ಬನಿಗೇ ಬಂದದ್ದಲ್ಲ. ಸಮಾಜಶಾಸ್ತ್ರಜ್ಞ ಐ.ಪಿ. ದೇಸಾಯಿಯವರು ಗುಜರಾತಿನ ಮಹುವಾ ಪಟ್ಟಣವನ್ನು ಅಧ್ಯಯನ ಮಾಡಿ, ಬೇರೆ ಬೇರೆ ಮನೆಗಳಲ್ಲಿ ಇದ್ದರೂ ಆಸ್ತಿ, ಕರ್ತವ್ಯ, ಬಂಧುತ್ವಗಳಲ್ಲಿ ಕೂಡಿಯೇ ಇರಬಹುದು ಎಂದು ತೋರಿಸಿದರು. ಇನ್ನೊಬ್ಬ ಸಮಾಜಶಾಸ್ತ್ರಜ್ಞ ಎ.ಎಂ. ಶಾ ಅವರು 1973ರ ತಮ್ಮ ಪುಸ್ತಕದಲ್ಲಿ ‘ಫ್ಯಾಮಿಲಿ’, ‘ಹೌಸ್‌ಹೋಲ್ಡ್’ ಎಂಬ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿ ನೋಡದೆ ಇದ್ದರೆ ಭಾರತದ ಕುಟುಂಬದ ಬಗ್ಗೆ ಆಡುವ ಮಾತೆಲ್ಲ ಗೋಜಲಾಗುತ್ತದೆ ಎಂದು ವಾದಿಸಿದರು. ನಮ್ಮ ಜನಗಣತಿಯವರಂತೂ ಬಹಳ ಕಾಲದಿಂದ ಅಡುಗೆಮನೆಯನ್ನೇ ಹಿಡಿದಿದ್ದಾರೆ: ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಘಟಕ. ಅವರ ನಡುವೆ ನೆಂಟಸ್ತಿಕೆ ಇರಲೇಬೇಕೆಂದಿಲ್ಲ. ವ್ಯಾಖ್ಯೆ ಇಷ್ಟು ಸ್ಪಷ್ಟವಾಗಿದೆ. ಅದನ್ನು ಕನ್ನಡಕ್ಕೆ ತರುವಾಗ ಮತ್ತೆ ‘ಕುಟುಂಬ’ ಎಂದು ಬರೆದುಬಿಟ್ಟರೆ ಆ ಸ್ಪಷ್ಟತೆ ಅಲ್ಲಿಗೇ ಮುಗಿಯಿತು.

ನನಗೆ ತೋಚಿದ ಪದಗಳನ್ನು ಒಂದೊಂದಾಗಿ ತೂಗಿ ನೋಡಿದ್ದೇನೆ. ಹಳೆಯ ತಲೆಮಾರಿನ ಬಾಯಲ್ಲಿ ‘ಕುಟುಂಬ’ ಎಂದರೆ ಹೆಂಡತಿ ಎಂಬ ಅರ್ಥವೂ ಇದೆ. ‘ಸಂಸಾರ’ಕ್ಕೂ ಅದೇ ಗತಿ, ಜೊತೆಗೆ ಅದು ತಾಪತ್ರಯವನ್ನೂ ಹೊತ್ತು ತರುತ್ತದೆ. ‘ಮನೆ’ ಎಂದರೆ ಕಟ್ಟಡವಾಗುತ್ತದೆ. ‘ಮನೆಯವರು’ ಎಂದರೆ ಹೆಂಗಸರು ಗಂಡನನ್ನು ತೋರಿಸುತ್ತಾರೆ. ‘ಮನೆತನ’ ಕುಲಗೌರವದ ಮಾತು, ತೀರಿಹೋದ ಮುತ್ತಜ್ಜನೂ ಅದರಲ್ಲಿ ಸೇರಿರುತ್ತಾನೆ. ‘ಮನೆವಾರ್ತೆ’ ಸೊಗಸಾದ ಪದ, ಆದರೆ ಅದು ಮನೆಯ ವ್ಯವಹಾರವನ್ನು ಹೇಳುತ್ತದೆಯೇ ಹೊರತು ಜನರನ್ನಲ್ಲ. ಸಂಸ್ಕೃತದಿಂದ ಕಟ್ಟಿದ ‘ಗೃಹಘಟಕ’ವನ್ನು ಒಬ್ಬ ಹಿರಿಯರು ಸೂಚಿಸಿದರು. ಕೇಳಿದವರಿಗೆ ಗೃಹನಿರ್ಮಾಣದ ಕಾಮಗಾರಿ ನೆನಪಾಗುತ್ತದೆ.

‘ಒಕ್ಕಲು’ ಪದದ ಮೇಲೆ ನನಗೆ ಬಹಳ ದಿನ ಆಸೆ ಇತ್ತು. ‘ನೂರು ಒಕ್ಕಲಿನ ಊರು’ ಎಂಬ ಮಾತು ನಮ್ಮಲ್ಲಿದೆ. ಅಲ್ಲಿ ಎಣಿಸುವುದು ಗೋಡೆಗಳನ್ನಲ್ಲ, ಬದುಕು ಮಾಡುವ ಘಟಕಗಳನ್ನು. ಶಾಸನಗಳ ‘ತೆಲ್ಲಿಗರಯ್ವತ್ತೊಕ್ಕಲು’ (ತೆಲ್ಲಿಗರ ಐವತ್ತು ಒಕ್ಕಲು) ಎಣ್ಣೆ ತೆಗೆಯುವವರ ಸಂಘ. ಅಂದರೆ ಒಕ್ಕಲನ್ನು ಎಣಿಸುವ ರೂಢಿಗೆ ಸಾವಿರ ವರ್ಷದ ಹತ್ತಿರ ವಯಸ್ಸಾಗಿದೆ. ಹೊಸ ಮನೆಗೆ ಹೋಗುವುದನ್ನು ಇಂದಿಗೂ ‘ಮನೆ ಒಕ್ಕಲಾಗುವುದು’ ಎನ್ನುತ್ತೇವೆ, ಬಲವಂತವಾಗಿ ಹೊರಹಾಕುವುದನ್ನು ‘ಒಕ್ಕಲೆಬ್ಬಿಸುವುದು’ ಎಂದು ಪತ್ರಿಕೆಗಳು ಬರೆಯುತ್ತವೆ. ಕೊಡಗಿನ ‘ಒಕ್ಕ’ (ತಂದೆಯ ವಂಶದ ಕೂಡು ಮನೆತನ) ಇದರ ಹತ್ತಿರದ ನೆಂಟ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಕೊಡವರನ್ನು ಕುರಿತ 1952ರ ಪುಸ್ತಕದಲ್ಲಿ ‘ಒಕ್ಕ’ ಎಂಬ ಪದವನ್ನು ಇಂಗ್ಲಿಷಿಗೆ ಒಗ್ಗಿಸದೆ ಹಾಗೆಯೇ ಉಳಿಸಿಕೊಂಡರು. ಇಂಗ್ಲಿಷಿನಲ್ಲಿ ಬರೆಯುವವರೇ ಜನರ ಪದಕ್ಕೆ ಅಷ್ಟು ಮರ್ಯಾದೆ ಕೊಟ್ಟಿರುವಾಗ ಕನ್ನಡದಲ್ಲಿ ಬರೆಯುವ ನಾವೇಕೆ ಅಳುಕಬೇಕು ಎಂಬುದು ನನ್ನ ವಾದವಾಗಿತ್ತು.

ಆದರೆ ಊರಿಗೆ ಹೋಗಿ “ನಿಮ್ಮದು ಯಾವ ಒಕ್ಕಲು?” ಎಂದು ಬಾಯಿಬಿಟ್ಟಾಗ ನನ್ನ ಆಸೆ ಕುಸಿಯಿತು. ಒಬ್ಬರು “ನಾವು ಮೈಲಾರಲಿಂಗನ ಒಕ್ಕಲು” ಎಂದು ಮನೆದೇವರನ್ನು ಹೇಳಿದರು. ಇನ್ನೊಬ್ಬರು ಜಾತಿ ಕೇಳುತ್ತಿದ್ದೇನೆ ಎಂದುಕೊಂಡರು. ಮಲೆನಾಡಿನಲ್ಲೂ ಕರಾವಳಿಯಲ್ಲೂ ‘ಒಕ್ಕಲು’ ಎಂದರೆ ಗೇಣಿಗೆ ಉಳುವವನು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಪದ್ಧತಿ ಹೋದರೂ, ಧಣಿಯ ಅಂಗಳದಲ್ಲಿ ನಿಂತವರ ಮಕ್ಕಳಿಗೆ ಆ ಪದದ ನೆನಪು ಇನ್ನೂ ಹಸಿಯಾಗಿದೆ. ಇಷ್ಟು ಅರ್ಥ ಹೊತ್ತ ಪದವನ್ನು ಕೋಷ್ಟಕದ ತಲೆಯ ಮೇಲೆ ಕೂರಿಸುವುದು ಆಗದು.

ಉಳಿದದ್ದು ‘ಒಲೆ’. ಇದನ್ನು ನಾನು ಹುಡುಕಿದ್ದಲ್ಲ, ಜನರೇ ಕೊಟ್ಟದ್ದು. ಆಸ್ತಿ ಹಿಸ್ಸೆಯಾಗುವುದಕ್ಕೂ ಒಲೆ ಬೇರೆಯಾಗುವುದಕ್ಕೂ ಇರುವ ಅಂತರವನ್ನು ಆ ಊರಿನ ಹೆಂಗಸರು ಯಾವ ಸಮಾಜಶಾಸ್ತ್ರಜ್ಞರಿಗೂ ಕಡಿಮೆಯಿಲ್ಲದಂತೆ ವಿಂಗಡಿಸಿ ಹೇಳುತ್ತಾರೆ. “ಹೊಲ ಇನ್ನೂ ಕೂಡಿಯೇ ಇದೆ, ಒಲೆ ಬೇರೆಯಾಗಿ ಆರು ವರ್ಷವಾಯಿತು” ಎಂಬ ಒಂದು ವಾಕ್ಯ ಸಾಕು. ಎರಡನೆಯ ಹಳ್ಳಿಯಲ್ಲಿ ಪ್ರಶ್ನೆಯನ್ನು ಬದಲಿಸಿ “ನಿಮ್ಮ ಒಲೆಯಲ್ಲಿ ಎಷ್ಟು ಜನ ಉಣ್ಣುತ್ತೀರಿ?” ಎಂದು ಕೇಳಿದೆ. ಗಂಡ ಹೇಳಿದ ಸಂಖ್ಯೆಗೂ ಹೆಂಡತಿ ಹೇಳಿದ ಸಂಖ್ಯೆಗೂ ತಾಳೆಯಾಗತೊಡಗಿತು. ಪಾಳಿಯ ಮೇಲೆ ಬಂದ ಅತ್ತೆಯನ್ನು ಎಣಿಸಬೇಕೇ ಬೇಡವೇ ಎಂದು ಅವರೇ ನನ್ನನ್ನು ಮರಳಿ ಕೇಳತೊಡಗಿದರು. ನನ್ನ ಪ್ರಬಂಧದ ಮುಖ್ಯ ಪ್ರಶ್ನೆಯೇ ಅದು. ಪದ ಸರಿಹೋದ ಕೂಡಲೇ ಅದು ತಾನಾಗಿ ಎದುರು ಬಂದು ನಿಂತಿತು.

ಮಾರ್ಗದರ್ಶಕರ ಆಕ್ಷೇಪಣೆ ಎರಡು. ಮೊದಲನೆಯದು, ‘ಒಲೆ’ ಶಾಸ್ತ್ರೀಯ ಪದವಲ್ಲ, ಮೌಲ್ಯಮಾಪಕರು ಒಪ್ಪಲಾರರು ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ವ್ಯಾಖ್ಯೆ ಬಿಗಿಯಾಗಿದ್ದರೆ ಪದ ಶಾಸ್ತ್ರೀಯವಾಗುತ್ತದೆ, ಸಂಸ್ಕೃತದಲ್ಲಿದ್ದ ಮಾತ್ರಕ್ಕೆ ಅಲ್ಲ. ಎರಡನೆಯದಕ್ಕೆ ತೂಕವಿದೆ: ಒಂದೇ ಮನೆಯಲ್ಲಿ ಗ್ಯಾಸ್ ಒಲೆ, ಹಿತ್ತಲಿನ ಕಟ್ಟಿಗೆ ಒಲೆ, ಸ್ನಾನದ ನೀರು ಕಾಯಿಸುವ ಒಲೆ ಎಲ್ಲ ಇರುತ್ತವೆ, ಹಾಗಾದರೆ ಯಾವುದನ್ನು ಎಣಿಸುತ್ತೀರಿ? ಉತ್ತರ ಕೊಟ್ಟ ಜನರಿಗೆ ಈ ಗೊಂದಲ ಒಮ್ಮೆಯೂ ಆಗಲಿಲ್ಲ. ಆದರೆ ಪ್ರಬಂಧವನ್ನು ಓದುವ ಪಟ್ಟಣದವರಿಗೆ ಆಗಬಹುದು. ಅದಕ್ಕೆ ‘ಒಲೆಬಳಗ’ ಎಂದು ಜೋಡಿಸಿ ನೋಡಿದ್ದೇನೆ. ಕಿವಿಗೆ ಹಿತವಾಗಿದೆ, ಆದರೆ ‘ಬಳಗ’ ಎಂದಕೂಡಲೇ ನೆಂಟರಿಷ್ಟರು ಒಳಗೆ ನುಗ್ಗುತ್ತಾರೆ. ಕೂಲಿಗೆ ಬಂದು ಅದೇ ಮನೆಯಲ್ಲಿ ಉಂಡು ಮಲಗುವ ಆಳುಮಗ ಹೊರಗೆ ಉಳಿಯುತ್ತಾನೆ. ಜನಗಣತಿಯ ವ್ಯಾಖ್ಯೆಯ ಪ್ರಕಾರ ಅವನು ಒಳಗಿರಬೇಕಾದವನು.

ಇದಕ್ಕೇ ಅಂಟಿಕೊಂಡ ಇನ್ನೊಂದು ಪದ ‘ಯಜಮಾನ’. “ಮನೆಯ ಯಜಮಾನರು ಯಾರು?” ಎಂದರೆ ಹೆಂಗಸರು ನಾಚಿಕೊಂಡು ಗಂಡನ ಕಡೆ ನೋಡುತ್ತಾರೆ, ಏಕೆಂದರೆ ‘ಯಜಮಾನರು’ ಎಂದರೆ ಗಂಡ. ಈಗ ಇದಕ್ಕೆ ಹೊಸ ತಿರುವು ಬಂದಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಗೆ ಹದಿನೆಂಟು ತುಂಬಿದ ಹಿರಿಯ ಹೆಂಗಸೇ ಮುಖ್ಯಸ್ಥೆ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಆ ಯಜಮಾನಿಯ ಹೆಸರಿಗೆ ಬರುತ್ತಿದೆ. “ಚೀಟಿಗೆ ನಾನು ಯಜಮಾನಿ, ಮನೆಗೆ ಅವರು ಯಜಮಾನರು” ಎಂದು ಒಬ್ಬ ಮಹಿಳೆ ವಿವರಿಸಿದರು. ಅತ್ತೆಯ ಹೆಸರು ಚೀಟಿಯ ಮೇಲಿದ್ದು, ಅತ್ತೆ ಪಾಳಿಯ ಮೇಲೆ ಇನ್ನೊಬ್ಬ ಮಗನ ಮನೆಯಲ್ಲಿದ್ದಾಗ ಆ ಹಣ ಯಾವ ಒಲೆಗೆ ಸೇರಬೇಕು ಎಂಬ ಜಗಳವನ್ನು ಎರಡು ಕಡೆ ಕೇಳಿದ್ದೇನೆ. ಆದ್ದರಿಂದ ಈ ಪದವನ್ನು ಬಿಟ್ಟು “ಖರ್ಚಿನ ಹಣ ಯಾರ ಕೈಯಲ್ಲಿ ಇರುತ್ತದೆ?”, “ಇಂದು ಏನು ಅಡುಗೆ ಎಂದು ಯಾರು ಹೇಳುತ್ತಾರೆ?” ಎಂದು ಎರಡು ಪ್ರಶ್ನೆ ಮಾಡಿಕೊಂಡಿದ್ದೇನೆ.

‘ಅವಿಭಕ್ತ ಕುಟುಂಬ’ದ ಬಗ್ಗೆಯೂ ಒಂದು ಮಾತು. ಪಠ್ಯಪುಸ್ತಕಗಳು ಇದನ್ನು ‘ಕೂಡಿ ಬಾಳುವ ದೊಡ್ಡ ಮನೆ’ ಎಂಬ ಅರ್ಥದಲ್ಲಿ ಬಳಸುತ್ತವೆ. ಆದರೆ ವಿಭಾಗ, ಅವಿಭಾಗ ಎಂಬವು ದಾಯಭಾಗದ, ಅಂದರೆ ಆಸ್ತಿ ಹಂಚಿಕೆಯ ಮಾತುಗಳು. ಈ ವಿಚಾರವನ್ನು ದೇಶದ ಬಹುಭಾಗಕ್ಕೆ ಕಟ್ಟಿಕೊಟ್ಟ ‘ಮಿತಾಕ್ಷರ’ ಎಂಬ ಧರ್ಮಶಾಸ್ತ್ರ ಗ್ರಂಥ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನೇ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದವನು. ಮೇಲೆ ಹೇಳಿದ ಮನೆ ಪಹಣಿಯ ಲೆಕ್ಕದಲ್ಲಿ ಅವಿಭಕ್ತ, ಒಲೆಯ ಲೆಕ್ಕದಲ್ಲಿ ಅಲ್ಲ. ಹಾಗೆಯೇ ಬೆಂಗಳೂರಿಗೆ ಒಬ್ಬನೇ ಹೋಗಿ, ಅಲ್ಲೇ ಮದುವೆಯಾಗಿ ನೆಲೆಸಿದವನನ್ನು ‘ವಿಭಕ್ತ ಕುಟುಂಬ’ ಎಂದು ಬರೆಯುವುದೂ ತಪ್ಪು. ಅವನು ಯಾರೊಂದಿಗೂ ಹಿಸ್ಸೆ ಮಾಡಿಕೊಂಡಿಲ್ಲ. ಈ ಜೋಡಿ ಪದಗಳನ್ನು ಆಸ್ತಿಯ ಸಂದರ್ಭಕ್ಕೆ ಮಾತ್ರ ಬಿಟ್ಟು, ಉಳಿದ ಕಡೆ ‘ಕೂಡೊಲೆ’, ‘ಬೇರೊಲೆ’ ಎಂದು ಬಳಸಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ.

ಬಲ್ಲವರಲ್ಲಿ ನನ್ನ ಕೋರಿಕೆ ಹೀಗಿದೆ. ನಿಮ್ಮ ಭಾಗದಲ್ಲಿ ಅಣ್ಣತಮ್ಮಂದಿರ ಅಡುಗೆ ಬೇರೆಯಾದದ್ದನ್ನು ಏನೆಂದು ಹೇಳುತ್ತಾರೆ? ನಮ್ಮ ಕಡೆಯ ‘ಒಲೆ ಬೇರೆ’ ಎಂಬ ಮಾತು ಮೈಸೂರು, ಮಂಡ್ಯದ ಕಡೆ ಇದೆಯೇ? ಕಲಬುರಗಿ, ಬೀದರದ ಕಡೆ? ಕುಂದಾಪುರದವರ, ಹವ್ಯಕರ ಮಾತಿನಲ್ಲಿ? ಆಸ್ತಿ ಪಾಲಾದದ್ದಕ್ಕೂ ಊಟ ಬೇರೆಯಾದದ್ದಕ್ಕೂ ಬೇರೆ ಬೇರೆ ಪದಗಳಿದ್ದರೆ ಎರಡನ್ನೂ ದಯವಿಟ್ಟು ಬರೆಯಿರಿ. ಹೇಳಿದವರ ವಯಸ್ಸು, ಊರು ತಿಳಿಸಿದರೆ ಸಾಕು, ಹೆಸರು ಬೇಡ. ‘ಒಲೆ’ಯನ್ನು ಹೀಗೆ ಎಣಿಕೆಯ ಘಟಕವಾಗಿ ಬಳಸಿದ ಹಳೆಯ ಕಡತ, ಕರಾರುಪತ್ರ, ಶಾಸನ ಯಾರ ಗಮನಕ್ಕಾದರೂ ಬಂದಿದ್ದರೆ ಅದು ಮಾರ್ಗದರ್ಶಕರ ಮುಂದೆ ಇಡಲು ನನಗೆ ದೊಡ್ಡ ಆಧಾರವಾಗುತ್ತದೆ.

ಹಾಗೆಯೇ ಪಾಳಿಯ ಮೇಲೆ ಉಣ್ಣುವ ತಂದೆತಾಯಿಗೆ ನಿಮ್ಮ ಊರಿನಲ್ಲಿ ಪ್ರತ್ಯೇಕ ಹೆಸರೇನಾದರೂ ಇದೆಯೇ? ನನ್ನ ಎರಡು ಹಳ್ಳಿಗಳಲ್ಲಿ ಪಾಳಿಗೆ ಹೆಸರಿದೆ, ಪಾಳಿಯಲ್ಲಿ ಇರುವವರಿಗೆ ಇಲ್ಲ. ಮುಂದಿನ ತಿಂಗಳು ಪ್ರಶ್ನಾವಳಿ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬಂದ ಪ್ರತಿಯೊಂದು ಪದವನ್ನೂ ಕ್ಷೇತ್ರಕ್ಕೆ ಒಯ್ದು ಕೇಳಿ ನೋಡುತ್ತೇನೆ.