ಆನ್‌ಲೈನ್‌ನಲ್ಲಿ ತೋರಿಸುವ ಮನೆ ಬೆಲೆ ಇಟ್ಟುಕೊಂಡು ಪಾಲು ಮಾಡಿಕೊಳ್ಳಬಹುದಾ?

ಅಪ್ಪ ಕಟ್ಟಿಸಿದ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. 30×40 ಸೈಟು, ಹತ್ತು ಚದರ, 1993ರಲ್ಲಿ ಗೃಹಪ್ರವೇಶ ಆಗಿದ್ದು. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ. ಅಣ್ಣ ಮನೆ ಇಟ್ಟುಕೊಂಡು ನನಗೂ ತಂಗಿಗೂ ಪಾಲಿನ ದುಡ್ಡು ಕೊಡುತ್ತೇನೆ ಅಂದಿದ್ದಾನೆ. ಆನ್‌ಲೈನ್‌ನಲ್ಲಿ ನೋಡಿದರೆ 1 ಕೋಟಿ 38 ಲಕ್ಷ ತೋರಿಸುತ್ತೆ. ಅಣ್ಣ ವಿಚಾರಿಸಿದ ಬ್ರೋಕರ್ 92 ಲಕ್ಷ ಅಂತಾರೆ. ಜಗಳ ಆಡೋಕೆ ಇಷ್ಟ ಇಲ್ಲ. ಯಾವುದನ್ನು ನಂಬಲಿ? ಈ ಥರ ಅನುಭವ ಇದ್ದವರು ದಯವಿಟ್ಟು ಹೇಳಿ.

*

ನಮ್ಮ ಮನೆಯಲ್ಲೂ ಇದೇ ಆಯಿತು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಮ್ಮದು ಶಿವಮೊಗ್ಗದ ವಿನೋಬನಗರ. ಮನೆ ತಮ್ಮ ಇಟ್ಟುಕೊಳ್ಳೋದು ಅಂತ ಮಾತಾಗಿತ್ತು. ಆನ್‌ಲೈನ್‌ನಲ್ಲಿ 96 ಲಕ್ಷ ತೋರಿಸಿತು. ನಮ್ಮಕ್ಕ ಅದನ್ನೇ ಮನಸ್ಸಲ್ಲಿಟ್ಟುಕೊಂಡು, ಮೂರರಲ್ಲಿ ಒಂದು ಪಾಲು ಅಂದರೆ 32 ಲಕ್ಷ ಬರುತ್ತೆ ಅಂತ ಮಗಳ ಓದಿಗೆ ಲೆಕ್ಕ ಹಾಕಿಬಿಟ್ಟಿದ್ದಳು. ಆಮೇಲೆ ನಿಜವಾದ ಬೆಲೆ ಗೊತ್ತಾದಾಗ ಪಾಲು 24 ಲಕ್ಷದ ಹತ್ತಿರ ಬಂತು. ತಮ್ಮ ಮೋಸ ಮಾಡಿದ ಅಂತಲೇ ಅವಳಿಗೆ ಅನ್ನಿಸಿತು. ಆರು ತಿಂಗಳು ಅವರಿಬ್ಬರಿಗೆ ಮಾತಿಲ್ಲ. ನಿಮಗೆ ಹಾಗಾಗೋದು ಬೇಡ.

ಆ ಅಂಕಿ ಎಲ್ಲಿಂದ ಬರುತ್ತೆ ನೋಡಿ. ಆ ಏರಿಯಾದಲ್ಲಿ ಮಾರಾಟಕ್ಕೆ ಹಾಕಿದ ಮನೆಗಳಿಗೆ ಓನರ್‌ಗಳು ಎಷ್ಟು ಕೇಳುತ್ತಿದ್ದಾರೋ ಅದರಿಂದಲೇ ಹೆಚ್ಚಾಗಿ ಬರೋದು. ಚೌಕಾಸಿ ಮಾಡುತ್ತಾರೆ ಅಂತ ಗೊತ್ತಿರೋದರಿಂದ ಎಲ್ಲರೂ ಜಾಸ್ತಿಯೇ ಹೇಳುತ್ತಾರೆ, ಒಂದೇ ಮನೆಯನ್ನು ನಾಲ್ಕು ಬ್ರೋಕರ್‌ಗಳು ನಾಲ್ಕು ಬೆಲೆಗೆ ಹಾಕಿರುತ್ತಾರೆ. ಹೋಗಲಿ, ನಿಜವಾಗಿ ಎಷ್ಟಕ್ಕೆ ಮಾರಾಟ ಆಯಿತು ಅಂತ ನೋಂದಣಿ ಪತ್ರದಲ್ಲಾದರೂ ಸಿಗುತ್ತಾ ಅಂದರೆ, ನಮ್ಮಲ್ಲಿ ಎಷ್ಟೋ ಪತ್ರಗಳಲ್ಲಿ ಗೈಡೆನ್ಸ್ ವ್ಯಾಲ್ಯೂ, ಅಂದರೆ ಸರ್ಕಾರ ಇಟ್ಟಿರುವ ಬೆಲೆ, ಅದರ ಆಸುಪಾಸಿನ ಮೊತ್ತವನ್ನೇ ಬರೆಸಿರುತ್ತಾರೆ, ಕೈಯಿಂದ ಕೈಗೆ ಹೋದ ದುಡ್ಡು ಅದರಲ್ಲಿ ಇರೋದಿಲ್ಲ. ಕೇಳಿದ ಬೆಲೆ ಜಾಸ್ತಿ, ಬರೆಸಿದ ಬೆಲೆ ಕಮ್ಮಿ. ಇವೆರಡನ್ನು ಇಟ್ಟುಕೊಂಡು ಕಂಪ್ಯೂಟರ್ ಸರಿಯಾದ ಬೆಲೆ ಹೇಗೆ ಹೇಳಬೇಕು?

ಗೈಡೆನ್ಸ್ ವ್ಯಾಲ್ಯೂವನ್ನು ಕಾವೇರಿ ಪೋರ್ಟಲ್‌ನಲ್ಲಿ ನೀವೇ ನೋಡಬಹುದು. 2023ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಅದನ್ನು ಪರಿಷ್ಕರಿಸಿದರು. ಆದರೆ ಅದು ಸ್ಟಾಂಪ್ ಡ್ಯೂಟಿ ಲೆಕ್ಕಕ್ಕೆ ಸರ್ಕಾರ ಇಟ್ಟುಕೊಂಡಿರುವ ಕನಿಷ್ಠ ಬೆಲೆ. ಅದನ್ನೇ ಮಾರ್ಕೆಟ್ ಬೆಲೆ ಅಂದುಕೊಂಡರೆ ನಿಮಗೂ ತಂಗಿಗೂ ನಷ್ಟ.

ಕೊನೆಗೆ ನಾವು ಸರ್ಕಾರಿ ಮಾನ್ಯತೆ ಇರುವ ಒಬ್ಬ ವ್ಯಾಲ್ಯುಯರ್‌ರನ್ನು, ಅಂದರೆ ಆಸ್ತಿಗೆ ಬೆಲೆ ಕಟ್ಟುವವರನ್ನು, ಕರೆಸಿದೆವು. ರಿಟೈರ್ಡ್ ಇಂಜಿನಿಯರ್. ಬೆಳಿಗ್ಗೆ ಎಂಟಕ್ಕೇ ಬಂದರು, ಕಾಫಿ ಆಮೇಲೆ ಅಂದರು. ಮನೆ ಒಳಗೆ ಬರಲೇ ಇಲ್ಲ, ಮೊದಲು ಟೇಪ್ ಹಿಡಿದು ರಸ್ತೆ ಅಳೆದರು. ಪ್ಲಾನ್‌ನಲ್ಲಿ 30 ಅಡಿ ಅಂತ ಇದ್ದಿದ್ದು ನಿಜಕ್ಕೂ 22 ಅಡಿ ಇತ್ತು. ಆಮೇಲೆ ಹಿತ್ತಲಿಗೆ ಹೋಗಿ ಬಚ್ಚಲುಮನೆಯ ಗೋಡೆಯನ್ನು ಸ್ಕೂಟರ್ ಕೀಯಿಂದ ಕೆರೆದರು. ಗಾರೆ ಪುಡಿಪುಡಿಯಾಗಿ ಉದುರಿತು. ಸಜ್ಜಾದ ಕೆಳಗೆ ಕಂಬಿ ತುಕ್ಕು ಹಿಡಿದು ಕಾಣುತ್ತಿತ್ತು, ನಾವು ಅಷ್ಟು ವರ್ಷ ಅಲ್ಲೇ ಇದ್ದವರು ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. "ಮನೆಗೂ ಒಂದಿಷ್ಟು ಬೆಲೆ ಹಾಕ್ತೀನಿ, ಆದರೆ ತಗೊಳ್ಳೋರು ಸೈಟಿಗೆ ಮಾತ್ರ ದುಡ್ಡು ಕೊಡೋದು" ಅಂದರು. ಅದನ್ನು ಕೇಳಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಆ ಆರ್‌ಸಿಸಿಗೆ ಅಪ್ಪ ಬೇಸಿಗೆಯಲ್ಲಿ ಇಪ್ಪತ್ತೊಂದು ದಿನ ತಾವೇ ನೀರು ಕಟ್ಟಿದ್ದರು. ಆದರೆ ಅವರು ಹೇಳಿದ್ದು ನಿಜ.

ಅವರ ರಿಪೋರ್ಟ್ 73 ಲಕ್ಷಕ್ಕೆ ಬಂತು. ನಮ್ಮ ರಸ್ತೆಯಲ್ಲೇ ಎರಡು ಮನೆ ಆಚೆ ಅದೇ ವರ್ಷ ಮಾರಾಟವಾಗಿದ್ದು 70ಕ್ಕೆ. ಅದನ್ನು ತಗೊಂಡವರ ಬಾಯಿಂದಲೇ ಕೇಳಿದ್ದು. ಯಾವಾಗಲೂ ತಗೊಂಡವರನ್ನು ಕೇಳಿ. ಮಾರಿದವರು ಒಂದು ಹೇಳುತ್ತಾರೆ, ಬ್ರೋಕರ್ ಇನ್ನೊಂದು ಹೇಳುತ್ತಾರೆ.

ನಿಮ್ಮಣ್ಣ ಕೇಳಿದ ಬ್ರೋಕರ್ 92 ಅಂದಿದ್ದೂ ಹಾಗೇ. ಅಣ್ಣ ಬೇಕಂತ ಕಮ್ಮಿ ಹೇಳಿಸಿದ್ದಾರೆ ಅಂತ ಅಲ್ಲ. ಯಾರು ಕೇಳುತ್ತಾರೋ ಅವರಿಗೆ ಅನುಕೂಲ ಆಗೋ ಹಾಗೆ ಹೇಳೋದು ಅವರ ಕಸುಬು, ನೀವೇ ಹೋಗಿ ಮಾರಬೇಕು ಅಂದರೆ 1 ಕೋಟಿ 10 ಅಂದಾರು. ಮೂವರೂ ಒಟ್ಟಿಗೆ ಕೂತು ಒಬ್ಬ ವ್ಯಾಲ್ಯುಯರ್‌ರನ್ನು ಒಪ್ಪಿಕೊಳ್ಳಿ. ಅವರು ಏನು ಬರೆದರೂ ಅದರ ಮೇಲೆ ಪಾಲು ಅಂತ ಮೊದಲೇ ಮಾತಾಗಲಿ, ಫೀಸೂ ಮೂವರೇ ಹಂಚಿಕೊಳ್ಳಿ. ಬೆಲೆ ನೋಡಿದ ಮೇಲೆ ಒಪ್ಪೋಣ ಅಂತ ಬಿಟ್ಟರೆ ಯಾರಾದರೂ ಒಬ್ಬರು ಒಪ್ಪೋದೇ ಇಲ್ಲ, ನಮ್ಮಲ್ಲಿ ಆಗಿದ್ದು ಅದೇ. ದುಡ್ಡು ಕೈಗೆ ಬಂದ ದಿನವೇ ನಿಮ್ಮ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿ, ಮೊದಲು ಬೇಡ.

*

ನಾನು ಟೆಕ್ಸಾಸ್‌ನಲ್ಲಿದ್ದೇನೆ. ಅಮೆರಿಕದಲ್ಲಿ ಈ ಆನ್‌ಲೈನ್ ಬೆಲೆ ಸರಿಯಾಗಿರುತ್ತೆ ಅಂತ ಊರಲ್ಲಿ ಬಹಳ ಜನ ಹೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಜಿಲ್ಲೋ ಅನ್ನೋ ಮನೆ ಮಾರಾಟದ ವೆಬ್‌ಸೈಟ್ 2006ರಿಂದ ಹೀಗೆ ಬೆಲೆ ತೋರಿಸುತ್ತಿದೆ. ಮಾರಾಟಕ್ಕೆ ಇಡದ ಮನೆಗಳಲ್ಲಿ ಅದು ಸುಮಾರು ಶೇ. 7ರಷ್ಟು ಆಚೀಚೆ ಆಗುತ್ತೆ ಅಂತ ಅವರೇ ಹೇಳಿಕೊಂಡಿದ್ದಾರೆ, ಅದೂ ನಡುವಿನ ಅಂಕಿ, ಅರ್ಧ ಮನೆಗಳಲ್ಲಿ ತಪ್ಪು ಅದಕ್ಕಿಂತ ಜಾಸ್ತಿ. 4 ಲಕ್ಷ ಡಾಲರ್ ಮನೆಗೆ ಅದು 28 ಸಾವಿರ ಡಾಲರ್. ಮನೆ ಮಾರಾಟಕ್ಕೆ ಹಾಕಿದ ಮೇಲೆ ತಪ್ಪು ತುಂಬಾ ಕಮ್ಮಿ ಆಗುತ್ತೆ, ಯಾಕೆಂದರೆ ಓನರ್ ಕೇಳುತ್ತಿರುವ ಬೆಲೆ ಅದಕ್ಕೆ ಗೊತ್ತಾಗಿರುತ್ತೆ. ಅದೇ ಕಂಪನಿ ತಾನೇ ಮನೆ ಕೊಂಡು ಮಾರುವ ವ್ಯಾಪಾರಕ್ಕೆ ಇಳಿದು, ಬೆಲೆಯ ಅಂದಾಜು ಕೈಕೊಟ್ಟು 2021ರ ನವೆಂಬರ್‌ನಲ್ಲಿ ಆ ವ್ಯಾಪಾರ ಮುಚ್ಚುತ್ತೇವೆ ಅಂತ ಹೇಳಿತು. ಬಹಳ ರಾಜ್ಯಗಳಲ್ಲಿ ಮಾರಾಟದ ಬೆಲೆ ಸರ್ಕಾರಿ ದಾಖಲೆಯಲ್ಲಿ ಎಲ್ಲರಿಗೂ ಸಿಗುತ್ತೆ, ಅಲ್ಲೇ ಇಷ್ಟು ತಪ್ಪು. ನಮ್ಮ ಟೆಕ್ಸಾಸ್‌ನಲ್ಲಿ ಅದನ್ನು ಬಹಿರಂಗ ಮಾಡಬೇಕು ಅಂತ ಕಾನೂನೇ ಇಲ್ಲ. ಮನೆ ಸಾಲಕ್ಕೆ ಹೋದಾಗ ನಮ್ಮಲ್ಲಿಗೂ ಒಬ್ಬರು ಬಂದು, ಅಡುಗೆಮನೆ ಬೀರು ತೆಗೆದು ನೋಡಿಯೇ ಬೆಲೆ ಬರೆದರು.

*

ಅಕ್ಕಾ, ಬೆಂಗಳೂರಲ್ಲಿ ಫ್ಲಾಟ್ ಮಾರಿದ ಅನುಭವ ನನ್ನದು. ಫ್ಲಾಟ್‌ಗೆ ಆನ್‌ಲೈನ್ ಬೆಲೆ ಪರವಾಗಿಲ್ಲ, ಅದೇ ಬಿಲ್ಡಿಂಗ್‌ನಲ್ಲಿ ಅದೇ ಥರದ್ದು ಹತ್ತು ಇರುತ್ತವೆ. ನನಗೆ ಶೇ. 5ರಷ್ಟು ಮಾತ್ರ ವ್ಯತ್ಯಾಸ ಬಂತು. ಆದರೆ ಅಪ್ಪಂದಿರು ಕಟ್ಟಿಸಿದ ಬಿಡಿ ಮನೆಗೆ ಪಕ್ಕದ ಮನೆಯೂ ಜೋಡಿ ಅಲ್ಲ. ಇನ್ನೊಂದು ಮಾತು, ಖಾತೆ ಈಗಲೂ ಅಪ್ಪನ ಹೆಸರಲ್ಲೇ ಇದೆಯಾ? ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋದು) ಆಗದೆ ಹಾಗೇ ಇದ್ದರೆ ವ್ಯಾಲ್ಯುಯರ್ ಬರೋದಕ್ಕೆ ಮುಂಚೆ ಆ ಕೆಲಸ ಶುರು ಮಾಡಿಬಿಡಿ. ಮರಣ ಪತ್ರ, ವಂಶವೃಕ್ಷ, ಕಂದಾಯ ಕಟ್ಟಿದ ರಸೀದಿ ಎಲ್ಲಾ ಒಂದು ಫೈಲಿಗೆ ಹಾಕಿಡಿ.