ಪದಚರ್ಚೆ: ‘ಗೆಡ್ಡೆ’ ಅಂದರೆ ಬೇರೋ, ಕಾಂಡವೋ?

ಸಸ್ಯಶಾಸ್ತ್ರದ ಟ್ಯೂಬರ್ (ಆಲೂವಿನಂಥದ್ದು), ರೈಜೋಮ್ (ಶುಂಠಿ, ಅರಿಶಿನ), ಕಾರ್ಮ್ (ಸುವರ್ಣಗೆಡ್ಡೆ), ಬಲ್ಬ್ (ಈರುಳ್ಳಿ) ನಾಲ್ಕಕ್ಕೂ ‘ಗೆಡ್ಡೆ’ ಅಂತಲೇ ಬರೆಯಬಹುದೇ? ಗೆಡ್ಡೆ ಅಂದರೆ ಬೇರೋ, ಕಾಂಡವೋ?

ಗೆಡ್ಡೆ ಆಕಾರದ ಹೆಸರು, ಅಂಗದ ಹೆಸರಲ್ಲ. ಉಬ್ಬಿ ಗಟ್ಟಿಯಾದದ್ದು ಗೆಡ್ಡೆ, ಅಷ್ಟೇ. ಮಣ್ಣೊಳಗೇ ಇರಬೇಕೆಂದೂ ಇಲ್ಲ. ಗೆಡ್ಡೆಕೋಸು ಅಥವಾ ನವಿಲುಕೋಸು ನೆಲದ ಮೇಲೆ ಊದಿಕೊಂಡ ಕಾಂಡ; ಎಲೆ ಕಿತ್ತ ಗುರುತುಗಳು ಅದರ ಮೈಮೇಲೇ ಕಾಣುತ್ತವೆ.

ಅಂಗ ಯಾವುದೆಂದು ತಿಳಿಯಲು ಅದರ ಮೈಮೇಲಿನ ಕಣ್ಣುಗಳನ್ನು, ಅಂದರೆ ಚಿಗುರುವ ಮೊಗ್ಗುಗಳನ್ನು, ಹುಡುಕಬೇಕು. ಒಂದು ಆಲೂಗೆಡ್ಡೆ ತೆಗೆದುಕೊಂಡು ತಿರುಗಿಸಿ ನೋಡಿ. ಒಂದು ತುದಿಯಲ್ಲಿ ತಾಯಿಗಿಡದಿಂದ ಕಳಚಿದ ಗುರುತಿರುತ್ತದೆ. ಅಲ್ಲಿಂದ ಕಣ್ಣುಗಳು ಸುರುಳಿಯಾಗಿ ಸಾಗಿ ಇನ್ನೊಂದು ತುದಿಯಲ್ಲಿ ಒತ್ತಾಗುತ್ತವೆ. ಪ್ರತಿ ಕಣ್ಣಿನ ಪಕ್ಕ ಹುಬ್ಬಿನಂಥ ಗೀರು. ಅದು ಪುಟ್ಟ ಎಲೆಯೊಂದು ಇದ್ದ ಜಾಗ. ಎಲೆ, ಅದರ ಕಂಕುಳಲ್ಲಿ ಮೊಗ್ಗು: ಕಬ್ಬಿನ ಗೆಣ್ಣಿನಲ್ಲಿ ಇರುವುದೂ ಇದೇ. ಹಾಗಾಗಿ ಆಲೂ ಕಾಂಡ. ಗೆಣಸಿನಲ್ಲಿ ಗೆಣ್ಣೂ ಇಲ್ಲ, ಹುಬ್ಬೂ ಇಲ್ಲ. ಅದು ಬೇರು. ಇಟ್ಟಲ್ಲೇ ಚಿಗುರುತ್ತದಲ್ಲ ಅಂದರೆ, ಆ ಮೊಗ್ಗು ಬೇರಿನ ಮೇಲೆ ಹೊಸದಾಗಿ ಹುಟ್ಟಿದ್ದು, ಗೆಣ್ಣಿನದ್ದಲ್ಲ.

ಈ ಭೇದ ಪದಕ್ಕಷ್ಟೇ ಸೀಮಿತವಲ್ಲ, ಬಿತ್ತನೆಯಲ್ಲಿ ಕೈಕೊಡುವುದೂ ಇಲ್ಲೇ. ಆಲೂವನ್ನು ಎರಡು ಮೂರು ಕಣ್ಣಿರುವ 30–40 ಗ್ರಾಂ ಹೋಳು ಮಾಡಿ ನೆಡಬಹುದು. ಶುಂಠಿಗೆ ಒಂದೆರಡು ಮೊಗ್ಗಿರುವ 20–25 ಗ್ರಾಂ ತುಂಡು ಸಾಕು. ಮರಗೆಣಸಿನ ಗೆಣಸನ್ನೇ ಹೂತರೆ ಮೊಗ್ಗಿಲ್ಲದೆ ಕೊಳೆಯುತ್ತದೆ. ನೆಡಬೇಕಾದ್ದು 15–20 ಸೆಂ.ಮೀ. ಉದ್ದದ ಕಾಂಡದ ತುಂಡು. ಡೇಲಿಯಾದಲ್ಲೂ ಇದೇ ತಪ್ಪಾಗುತ್ತದೆ. ಅದರ ಗೆಡ್ಡೆ ಬೇರು, ಮೊಗ್ಗಿರುವುದು ಕಾಂಡದ ಬುಡದಲ್ಲಿ. ಬುಡದ ಚೂರು ಅಂಟಿಕೊಂಡಿರದ ಗೆಡ್ಡೆ ಎಷ್ಟೇ ದಪ್ಪ ಇದ್ದರೂ ಚಿಗುರದು. ಸುವರ್ಣಗೆಡ್ಡೆಯ ಮುಖ್ಯ ಮೊಗ್ಗು ನೆತ್ತಿಯ ನಡುವೆ ಒಂದೇ. ಆದ್ದರಿಂದ ಅದನ್ನು ಅಡ್ಡಡ್ಡ ಕೊಯ್ಯದೆ, ನೆತ್ತಿಯಿಂದ ಕೆಳಕ್ಕೆ, ಪ್ರತಿ ಹೋಳಿಗೂ ಆ ಮೊಗ್ಗಿನ ಪಾಲು ಬರುವಂತೆ ಸೀಳುತ್ತಾರೆ.

ಇನ್ನು ಪದಗಳು. ಟ್ಯೂಬರ್‌ಗೆ ‘ಕಾಂಡಗೆಡ್ಡೆ’, ‘ಬೇರುಗೆಡ್ಡೆ’ ಎಂದು ಬಿಡಿಸಿ ಬರೆದರೆ ಗೊಂದಲವಿಲ್ಲ. ರೈಜೋಮ್‌ಗೆ ಪಠ್ಯಗಳ ‘ಗುಪ್ತಕಾಂಡ’ ಸರಿಯೇ; ಆದರೆ ಅರಿಶಿನದ ಕೊಂಬು ಅನ್ನುವಾಗಿನ ‘ಕೊಂಬು’ ಇನ್ನೂ ಜೀವಂತ ಪದ, ಅಡ್ಡಕ್ಕೆ ಕವಲೊಡೆಯುವ ಆ ಆಕಾರವನ್ನೂ ಹೇಳುತ್ತದೆ. ನನ್ನ ಮತ ಅದಕ್ಕೇ. ಬಲ್ಬ್‌ಗೆ ‘ಉಳ್ಳಿ’ ಇದ್ದೇ ಇದೆ: ಈರುಳ್ಳಿ, ಬೆಳ್ಳುಳ್ಳಿ. ಈರುಳ್ಳಿಯನ್ನು ಉದ್ದಕ್ಕೆ ಸೀಳಿದರೆ ಕಾಂಡವೆಂದರೆ ತಳದ ತೆಳು ಬಿಲ್ಲೆ ಮಾತ್ರ, ಉಳಿದ ಪದರಗಳೆಲ್ಲ ಎಲೆಯ ಬುಡ. ಇದನ್ನು ಗೆಡ್ಡೆ ಅನ್ನುವುದು ವಿವರಣೆಗೆ ಸಾಲದು. ಕಾರ್ಮ್‌ಗೆ ‘ಕಂದ’ ಬಳಸುವವರಿದ್ದಾರೆ. ‘ಕಾಂಡ’ದ ಪಕ್ಕದಲ್ಲೇ ಅಚ್ಚಾದರೆ ಓದುವವರು ಎಡವುತ್ತಾರೆ, ‘ಗಟ್ಟಿಗೆಡ್ಡೆ’ ಎಂದರೆ ಒಳ್ಳೆಯದು: ಉಳ್ಳಿಯಂತೆ ಪದರವಿಲ್ಲ, ಒಳಗೆಲ್ಲ ಗಟ್ಟಿ.

ಅಂಗಡಿಯ ‘ಬೇರು’ ಪದವನ್ನೂ ಹಾಗೇ ನಂಬಬಾರದು. ಲಾವಂಚ, ಮಾಗಳಿ ನಿಜವಾದ ಬೇರುಗಳು. ಬಜೆ ಬೇರು ಮಾತ್ರ ಕೊಂಬು, ಅದರ ಮೇಲೆ ಉಂಗುರದಂಥ ಗೆಣ್ಣುಗಳಿವೆ.

ಹೆಸರು ಒಂದೇ ಎಂದು ಕುಟುಂಬವೂ ಒಂದೇ ಅಂದುಕೊಳ್ಳಬೇಡಿ. ಗೆಣಸು ಐಪೋಮಿಯಾ ಕುಲದ ಬಳ್ಳಿ, ಮರಗೆಣಸು ಹರಳಿನ ಕುಟುಂಬದ್ದು, ಆಲೂ ಬದನೆಯ ಕುಟುಂಬದ್ದು. ವರ್ಗೀಕರಣದಲ್ಲಿ ಹೂವು, ಕಾಯಿ ನೋಡುತ್ತಾರೆಯೇ ಹೊರತು ಗೆಡ್ಡೆಯೊಂದನ್ನೇ ಅಲ್ಲ.